ಘಾಟಿ ಇಳಿಯದ ಲಾರಿ

ತಾವು ಮತ್ತೆ ಗಾಡಿ ಓಡಿಸಲು ನನ್ನ ಭಾವ ಒಂದು ಷರತ್ತು ಹಾಕಿದ್ದರು. ಲ್ಯಾಪ್‌ಟಾಪಿನ ಲಾರಿ ಆಟದಲ್ಲಿ ಒಮ್ಮೆಯಾದರೂ ಮಗುಚದೆ ಘಾಟಿ ಇಳಿಯಬೇಕು. ಇಳಿದರೆ ನಿಜವಾದ ಸ್ಟಿಯರಿಂಗ್ ಹಿಡಿಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು. ನಲವತ್ತು ದಾಟಿದ ಗಂಡಸು ಹೀಗೆ ಹೇಳುವುದನ್ನು ಕೇಳಿ ಜನ ನಕ್ಕರು. ನನಗೆ ನಗು ಬರಲಿಲ್ಲ. ಆ ಷರತ್ತಿನ ಹಿಂದೆ ನನ್ನ ಅಕ್ಕನ ಸಾವು ಇತ್ತು.

ಭಾವ ಎಂದರೆ ಅಕ್ಕನ ಗಂಡ. ಕಾಪುವಿನಲ್ಲಿ ಬಾಡಿಗೆ ವ್ಯಾನ್ ಓಡಿಸುತ್ತಿದ್ದರು. ಬಜಗೋಳಿಯ ಆಚೆ ನೆಂಟರ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಇಬ್ಬರೇ ಹೋಗಿದ್ದರು. ಊಟ ಮುಗಿಸಿ ಹಗಲು ಹೊತ್ತಿನಲ್ಲೇ ಹೊರಟವರು, ಕಾರ್ಕಳದ ಕಡೆಗೆ ಇಳಿಯುವ ಒಂದು ತಿರುವಿನಲ್ಲಿ ತಿರುಗಲಿಲ್ಲ. ವ್ಯಾನ್ ನೇರ ಹೋಗಿ ಮರಕ್ಕೆ ಬಡಿಯಿತು. ಭಾವನಿಗೆ ಭುಜದ ಎಲುಬು ಮುರಿಯಿತು, ಅಷ್ಟೇ. ಅಕ್ಕ ಮಣಿಪಾಲದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಬ್ರೇಕ್ ಹಿಡಿಯಲಿಲ್ಲ ಎಂದರು ಭಾವ. ಗಾಡಿ ಪರೀಕ್ಷೆ ಮಾಡಿದ ಅಧಿಕಾರಿ ಬ್ರೇಕ್ ಸರಿಯಾಗಿಯೇ ಇದೆ ಎಂದರು. ಒಕ್ಕಲಿನ ಮನೆಯ ಹಿತ್ತಲಲ್ಲಿ ಏರಿಸಿಕೊಂಡೇ ಹೊರಟಿರಬೇಕು ಎಂದಿತು ಊರು. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು? ಭಾವ ಕುಡಿದವರೇ ಅಲ್ಲ. ಅವರ ತಾಯಿ, ನಾನು ಮಾಮಿ ಎನ್ನುವ ಮುದುಕಿ, ದಾರಿ ಬದಿಯ ದೈವದ ಕಾಣಿಕೆ ಡಬ್ಬಿಗೆ ಅವತ್ತು ಕಾಸು ಹಾಕದೆ ದಾಟಿದ್ದೇ ಕಾರಣ ಎಂದು ಸಾಧಿಸುತ್ತಿದ್ದರು. ನನ್ನ ಅಮ್ಮ ಊರಿನ ಮಾತನ್ನೇ ನಂಬಿದಳು. ಆ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟಳು. ನಾನು ಬ್ರೇಕಿನ ಮಾತನ್ನು ನಂಬಿದೆ. ಅದನ್ನು ನಂಬದಿದ್ದರೆ ಭಾವನನ್ನು ದ್ವೇಷಿಸಬೇಕಾಗುತ್ತಿತ್ತು, ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಅಪಘಾತದ ನಂತರ ಅವರು ಸ್ಕೂಟರಿನ ಬೀಗದ ಕೈಯನ್ನೂ ಮುಟ್ಟಲಿಲ್ಲ. ಮನೆಯ ಒಳಗೆ ಕೂತು ಕೂತು ಬಿಳುಚಿಕೊಂಡರು. ದುಬೈಯಲ್ಲಿರುವ ಅವರ ತಮ್ಮ ಬಂದವನು, ಅಣ್ಣನ ಸ್ಥಿತಿ ನೋಡಲಾರದೆ ತನ್ನ ಗೇಮಿಂಗ್ ಲ್ಯಾಪ್‌ಟಾಪನ್ನು ಬಿಟ್ಟುಹೋದ. ಅದರ ಜೊತೆ ಮೇಜಿಗೆ ಬಿಗಿಯುವ ಸ್ಟಿಯರಿಂಗ್ ಚಕ್ರ, ಕಾಲಿಗೆ ಪೆಡಲ್. ಅದರಲ್ಲಿ ಲಾರಿ ಓಡಿಸುವ ಆಟವೊಂದಿತ್ತು. ಭಾವ ಮೊದಲ ಸಲ ಆ ಚಕ್ರ ಮುಟ್ಟಿ ಎದ್ದುಹೋದರಂತೆ. ಆಮೇಲೆ ದಿನವೂ ಹಿಡಿದರು. ಜೂನ್ ತಿಂಗಳಿಗೆ ಶಾಲೆ ಶುರುವಾಗುವಾಗ ಮಕ್ಕಳ ವ್ಯಾನಿಗೆ ಡ್ರೈವರ್ ಬೇಕೆಂದು ಕಾಪುವಿನ ಒಬ್ಬರು ಕೇಳಿದಾಗ ಹೂಂ ಅನ್ನಿ ಭಾವ ಎಂದು ಬೆನ್ನು ಬಿದ್ದವಳು ನಾನೇ. ಆಗ ಬಂದದ್ದು ಈ ಷರತ್ತು.

ಘಾಟಿ ಮಾತ್ರ ಇಳಿಯುತ್ತಿರಲಿಲ್ಲ. ಪ್ರತಿ ಸಲವೂ ಎಲ್ಲೋ ಒಂದು ಕಡೆ ಲಾರಿ ರಸ್ತೆ ಬಿಟ್ಟು ಕಂದಕಕ್ಕೆ ಹೋಗುತ್ತಿತ್ತು.

"ಎಂತ ಮಾಡುವುದು ಮಾರಾಯ್ತಿ, ಮತ್ತೆ ಹ್ಯಾಂಗ್ ಆಯಿತು. ರಸ್ತೆ ಇತ್ತು, ನೋಡುವಾಗ ಇಲ್ಲ. ಇದರ ತಲೆ ಸರಿ ಇಲ್ಲ," ಎಂದು ಫೋನ್ ಮಾಡುತ್ತಿದ್ದರು.

ಸಂತೆಕಟ್ಟೆಯಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಕಂಪ್ಯೂಟರ್ ಎಂದರೆ ಮನೆಯವರಿಗೆಲ್ಲ ನಾನೇ ವೈದ್ಯೆ. ಭಾನುವಾರ ಬಸ್ಸು ಹತ್ತಿ ಕಾಪುವಿಗೆ ಹೋದೆ. ಹೋಗಿ ನೋಡಿದರೆ, ದೇವರೇ! ಲ್ಯಾಪ್‌ಟಾಪನ್ನು ದಿಂಬಿನ ಮೇಲೆ ಇಟ್ಟಿದ್ದಾರೆ. ಮಾಮಿ ಅದಕ್ಕೆ ಕಸೂತಿ ಬಟ್ಟೆಯ ಹೊದಿಕೆ ಹೊಲಿದಿದ್ದಾರೆ. ಪರದೆ ಮತ್ತು ಕೀಲಿಮಣೆ ಬಿಟ್ಟು ಉಳಿದದ್ದೆಲ್ಲ ಹೊದಿಕೆಯ ಒಳಗೆ, ಬಿಸಿಗಾಳಿ ಹೊರಗೆ ಬರುವ ಕಿಂಡಿಗಳೂ ಒಳಗೆ! ಕೈ ಇಟ್ಟರೆ ದೋಸೆ ಹೊಯ್ಯಬಹುದು, ಅಷ್ಟು ಬಿಸಿ.

"ಧೂಳು ಕೂರ್ತದೆ ಅಂತ ಹಾಕಿದ್ದು," ಎಂದರು ಮಾಮಿ.

"ಮಾಮಿ, ನಿಮಗೆ ಮೂಗಿಗೆ ಹತ್ತಿ ತುರುಕಿ ಕಂಬಳಿ ಹೊದೆಸಿದರೆ ಹೇಗಾದೀತು? ಇದಕ್ಕೂ ಹಾಗೇ," ಎಂದೆ. ಮಾಮಿ ಮುಖ ಊದಿಸಿಕೊಂಡು ಒಳಗೆ ಹೋದರು.

ಮಿತಿ ಮೀರಿ ಬಿಸಿಯಾದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ಆಟ ತಡವರಿಸುತ್ತದೆ. ಹೊದಿಕೆ ಕಿತ್ತೆ, ದಿಂಬು ತೆಗೆದೆ, ಹಿಂಭಾಗ ಎತ್ತರವಾಗುವ ಹಾಗೆ ಎರಡು ಮರದ ತುಂಡು ಕೊಟ್ಟೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಉಡುಪಿಯ ರಿಪೇರಿ ಅಂಗಡಿಗೆ ಒಯ್ದೆ. ಬಿಚ್ಚಿದರೆ ಫ್ಯಾನಿನ ರೆಕ್ಕೆಗಳಿಗೆ ಧೂಳು ಕಂಬಳಿಯ ಹಾಗೆ ಅಂಟಿಕೊಂಡಿತ್ತು. ಸ್ಕ್ರೂಗಳಿಗೆ ಕಡಲಿನ ಉಪ್ಪುಗಾಳಿಯ ತುಕ್ಕು. ಒಳಗಿನ ಬಿಸಿಯನ್ನು ತಾಮ್ರದ ಪಟ್ಟಿಗೆ ದಾಟಿಸಲು ಹಚ್ಚುವ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. ಎಲ್ಲ ಒರೆಸಿ ಹೊಸ ಪೇಸ್ಟ್ ಹಚ್ಚಿಸಿ ತಂದೆ.

ಭಾವ ಘಾಟಿಗೆ ಹೊರಟರು. ಅರ್ಧ ದಾರಿಗೆ ಮತ್ತೆ ಆಟ ಜಗ್ಗಾಡಲು ಶುರು. ಈ ಸಲ ನಾನು ಪರದೆ ಬಿಟ್ಟು ಗೋಡೆಯ ಕಡೆ ನೋಡಿದೆ. ಕಾರಣ ಅಲ್ಲೇ ನೇತಾಡುತ್ತಿತ್ತು.

ಗಲ್ಫಿನಿಂದ ಬಂದ ಸಾಮಾನಿಗೆ ಮೂರು ದಪ್ಪ ಚಪ್ಪಟೆ ಕಾಲಿನ ಪ್ಲಗ್ ಇರುತ್ತದೆ. ಅದು ನಮ್ಮ ಗೋಡೆಯ ತೂತಿಗೆ ಹೋಗುವುದಿಲ್ಲ. ಆದರೂ ನಮ್ಮ ಕಡೆ ಅದನ್ನು ಯಾರೂ ಬದಲಿಸುವುದಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಎಮರ್ಜೆನ್ಸಿ ಲೈಟು, ಯಾವುದೇ ಇರಲಿ, ನಡುವೆ ಒಂದು ಬಿಳಿ ಕನ್ವರ್ಟರ್ ಸಿಕ್ಕಿಸಿ, ಅದು ಅಲುಗಾಡುತ್ತಿದ್ದರೆ ಬೆಂಕಿಕಡ್ಡಿ ತುರುಕಿ, ಆ ಪ್ಲಗ್ಗನ್ನೇ ಉಳಿಸಿಕೊಳ್ಳುತ್ತಾರೆ. ದುಬೈಯ ಸಾಮಾನು ಎಂಬುದಕ್ಕೆ ಅದೇ ಸಾಕ್ಷಿ. ಬಂದವರು ನೋಡಬೇಕಲ್ಲ! ಭಾವನ ಮನೆಯಲ್ಲೂ ಹಾಗೇ. ಭಾವ ಪೆಡಲ್ ಒತ್ತಿದಾಗಲೆಲ್ಲ ಮೇಜು ಅಲುಗುತ್ತಿತ್ತು, ಕನ್ವರ್ಟರ್ ಸಡಿಲವಾಗಿ ಕರೆಂಟು ತಪ್ಪುತ್ತಿತ್ತು. ಲ್ಯಾಪ್‌ಟಾಪ್ ಬ್ಯಾಟರಿಗೆ ಜಾರಿದ ಕೂಡಲೇ ಶಕ್ತಿ ಉಳಿಸಲು ತನ್ನ ವೇಗ ಇಳಿಸುತ್ತಿತ್ತು. ಆಟ ಕುಂಟುತ್ತಿತ್ತು. ಮತ್ತೆ ಕರೆಂಟು ತಾಗಿದರೆ ಒಮ್ಮೆಲೇ ಹಾರುತ್ತಿತ್ತು.

ನನ್ನ ಅಂಗಡಿಯ ಹಳೆಯ ಮಾನಿಟರಿನ ತಂತಿಯೊಂದನ್ನು ಮುಂದಿನ ವಾರ ತಂದು ಚಾರ್ಜರಿಗೆ ಸಿಕ್ಕಿಸಿದೆ. ಆ ಗಲ್ಫಿನ ತಂತಿಯನ್ನು ಸುತ್ತಿ ಮಾಮಿಯ ಕೈಗೆ ಕೊಟ್ಟೆ.

"ನನ್ನ ಮಗ ಕೊಟ್ಟುಹೋದ ವಯರು ಆಗುವುದಿಲ್ಲವಾ ನಿನಗೆ?"

"ವಯರು ಒಳ್ಳೆಯದೇ ಮಾಮಿ. ಗೋಡೆ ನಮ್ಮದು ಅಲ್ವಾ?"

ಅವತ್ತು ಆಟ ನೀರು ಹರಿದ ಹಾಗೆ ಹರಿಯಿತು. ಭಾವ ಸಪಾಟು ರಸ್ತೆಯಲ್ಲಿ ಲಾರಿಯ ಹಾರ್ನ್ ಬಾರಿಸಿ ನಕ್ಕರು. ಅಕ್ಕ ಹೋದ ಮೇಲೆ ಅವರು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ಇಷ್ಟು ದಿನ ಈ ಒಂದು ಪ್ಲಗ್ ನಮ್ಮನ್ನು ಆಡಿಸಿತಲ್ಲ!" ಎಂದರು. ನನಗೂ ಹಾಗೇ ಅನಿಸಿತು. ಎಲ್ಲ ತಪ್ಪೂ ಯಂತ್ರದ್ದೇ ಎಂದು ಇಬ್ಬರಿಗೂ ಖಾತ್ರಿಯಾಯಿತು. ಸಂತೆಕಟ್ಟೆಗೆ ಮರಳುವ ಬಸ್ಸಿನಲ್ಲಿ ಸಂತೋಷದಿಂದ ಅತ್ತೆ.

ಆ ಸಂತೋಷ ವಾರ ದಾಟಲಿಲ್ಲ. ಮತ್ತೆ ಫೋನ್, ಮತ್ತೆ ಹ್ಯಾಂಗ್. ನನಗೆ ಹಟ ಹಿಡಿಯಿತು. ಆಟದ ನೆರಳು, ಹೊಗೆ, ದೂರದ ಮರಗಳ ಅಂದ, ಎಲ್ಲವನ್ನೂ ಕಡಿಮೆ ಮಾಡಿದೆ. ಹಿಂದೆ ಸುಮ್ಮನೆ ಓಡುತ್ತಿದ್ದ ಬೇಡದ ಪ್ರೋಗ್ರಾಮುಗಳನ್ನು ಕಿತ್ತು ಹಾಕಿದೆ. ಒಂದು ಸೆಕೆಂಡಿಗೆ ಎಷ್ಟು ಚಿತ್ರ ಮೂಡಬೇಕು ಎಂಬುದಕ್ಕೆ ಮಿತಿ ಕಟ್ಟಿದೆ. ಒಮ್ಮೆ ನೂರಕ್ಕೆ ಹಾರಿ ಒಮ್ಮೆ ಮೂವತ್ತಕ್ಕೆ ಬೀಳುವುದಕ್ಕಿಂತ ನಡುವಿನಲ್ಲಿ ಒಂದೇ ಸಮ ನಿಲ್ಲುವುದು ಮೇಲು. ಆ ಲೆಕ್ಕವೂ ಯಂತ್ರದ ಬಿಸಿಯೂ ಪರದೆಯ ಮೂಲೆಯಲ್ಲಿ ಸದಾ ಕಾಣುವ ಹಾಗೆ ಮಾಡಿದೆ. ನಾನೇ ಕೂತು ಮಧ್ಯಾಹ್ನವಿಡೀ ಆಡಿದೆ. ನನಗೆ ಲಾರಿ ಓಡಿಸಲು ಎಲ್ಲಿ ಬರಬೇಕು? ತಿರುವಿಗೊಮ್ಮೆ ಗುದ್ದಿದೆ. ಆದರೆ ಆಟ ಒಮ್ಮೆಯೂ ನಿಲ್ಲಲಿಲ್ಲ. ಮೂಲೆಯ ಲೆಕ್ಕ ಕದಲಲಿಲ್ಲ.

ಭಾವನಿಗೆ ಮಾತ್ರ ಹ್ಯಾಂಗ್ ಆಗುತ್ತಿತ್ತು! ದಿನವೂ ಅಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ, ಅದೂ ನಾನು ಇಲ್ಲದಾಗ. ಉಳಿದ ದಿನ ಅವರು ಘಾಟಿಯ ಕಡೆಗೇ ಹೋಗದೆ ಸಪಾಟು ರಸ್ತೆಯಲ್ಲೇ ಓಡಿಸುತ್ತಿದ್ದರು. ಇತ್ತ ನಾನು ವಾರ ವಾರ ಕಾಪುವಿಗೆ ಓಡುವುದನ್ನು ನೋಡಿ ನೆಂಟರಲ್ಲಿ ಗುಸುಗುಸು ಶುರುವಾಗಿತ್ತು. ಅಕ್ಕನ ಜಾಗಕ್ಕೆ ತಂಗಿಯಾ ಎಂದು ಅಂಗಡಿಗೇ ಬಂದು ಕೇಳಿದ ಒಬ್ಬಳನ್ನು ಜೆರಾಕ್ಸ್ ಕೊಡದೆ ಕಳಿಸಿದೆ. ಆ ಸಿಟ್ಟೆಲ್ಲ ಒಂದು ದಿನ ಭಾವನ ಮೇಲೆ ಒಡೆಯಿತು.

"ಭಾವ, ಯಂತ್ರದಲ್ಲಿ ಎಂತದೂ ಇಲ್ಲ. ಉಡುಪಿಯ ರಿಪೇರಿಯವರು ಎರಡನೇ ಸಲ ನೋಡಿ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡ್ರೈವಿಂಗಿಗೆ ಹೋಗಲು ಹೆದರಿಕೆ ಇದ್ದರೆ ಹೆದರಿಕೆ ಅಂತ ಹೇಳಿ. ಇದರ ಮೇಲೆ ಯಾಕೆ ಹಾಕುವುದು?"

ಅವರ ಮುಖ ಸಣ್ಣದಾಯಿತು. "ನೀನೂ ಹಾಗೇ ಹೇಳ್ತೀಯಾ? ನಿನ್ನ ಅಕ್ಕನಾಣೆ, ಹ್ಯಾಂಗ್ ಆಗ್ತದೆ. ನಾನು ನೋಡ್ತಾ ಇರುವಾಗಲೇ ಲಾರಿ ಹೊಂಡದಲ್ಲಿ ಇರ್ತದೆ. ನಡುವಿನದ್ದು ಇಲ್ಲವೇ ಇಲ್ಲ."

ಅಕ್ಕನ ಆಣೆ ಹಾಕಿದ ಮೇಲೆ ನಾನೇ ಕಣ್ಣಾರೆ ನೋಡಬೇಕಾಯಿತು. ಮುಂದಿನ ಭಾನುವಾರ ಬೆಳಿಗ್ಗೆಯೇ ಹೋಗಿ, ಹ್ಯಾಂಗ್ ಆಗುವ ತನಕ ಏಳುವುದಿಲ್ಲ ಎಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತೆ.

ಊಟವಾಯಿತು. ಮಾಮಿ ಕೋಪ ಬಿಟ್ಟು ಹಲಸಿನ ಹಪ್ಪಳ ಕರಿದು ತಂದಿಟ್ಟರು. ಭಾವ ಚೆನ್ನಾಗಿ ಓಡಿಸುತ್ತಿದ್ದರು. ತಿರುವು ಬರುವ ಮೊದಲೇ ಗೇರ್ ಇಳಿಸುವುದು, ಕನ್ನಡಿ ನೋಡುವುದು, ಎದುರಿನವರಿಗೆ ಜಾಗ ಬಿಡುವುದು. ಘಾಟಿಯ ಮುಕ್ಕಾಲು ಇಳಿದಿದ್ದರು. ಇನ್ನೇನು ಮುಗಿಯಿತು ಎಂದು ನಾನು ಕುರ್ಚಿಯ ತುದಿಗೆ ಬಂದಿದ್ದೆ. ಮುಂದೆ ಬಲಕ್ಕೆ ತಿರುವು ಕಾಣಿಸಿತು.

ಭಾವ ಚಕ್ರ ತಿರುಗಿಸಲಿಲ್ಲ.

ನಾನು ಮೂಲೆಯ ಲೆಕ್ಕ ನೋಡಿದೆ. ಅದು ಸರಿಯಾಗಿಯೇ ಓಡುತ್ತಿತ್ತು. ಎಂಜಿನ್ನಿನ ಸದ್ದು ಇತ್ತು, ರಸ್ತೆ ಹರಿಯುತ್ತಿತ್ತು. ಭಾವನ ಕಡೆ ತಿರುಗಿದೆ. ಕಣ್ಣು ತೆರೆದೇ ಇದೆ, ಪರದೆಯನ್ನೇ ನೋಡುತ್ತಿದೆ. ಬಾಯಿ ಮಾತ್ರ ಏನನ್ನೋ ಜಗಿದ ಹಾಗೆ ಮೆಲ್ಲಗೆ ಆಡುತ್ತಿದೆ, ಬಾಯಲ್ಲಿ ಏನೂ ಇಲ್ಲ. ಬಲಗೈ ಚಕ್ರ ಬಿಟ್ಟು ಅಂಗಿಯ ಗುಂಡಿಯನ್ನು ಚಿವುಟುತ್ತಿದೆ.

"ಭಾವ," ಎಂದೆ. "ಭಾವ! ತಿರುಗಿಸಿ! ಭಾವಾ!" ಕೂಗಿದೆ. ಹೆಗಲು ಹಿಡಿದು ಅಲುಗಿಸಿದೆ. ಆ ಮುಖದಲ್ಲಿ ಯಾರೂ ಇರಲಿಲ್ಲ. ಲಾರಿ ನೇರ ಹೋಗಿ ಬೇಲಿ ಮುರಿದು ಕೆಳಗೆ ಬಿತ್ತು.

ಸ್ವಲ್ಪ ಹೊತ್ತಿಗೆ ಅವರು ರೆಪ್ಪೆ ಬಡಿದರು. ಪರದೆ ನೋಡಿದರು, ನನ್ನ ಕಡೆ ನೋಡಿದರು. ಮುಖದಲ್ಲಿ ಒಂದು ರೀತಿಯ ಗೆಲುವು ಕಂಡಿತು.

"ನೋಡಿದಿಯಾ? ಈಗ ನಿನ್ನ ಎದುರಿಗೇ ಹ್ಯಾಂಗ್ ಆಯಿತು. ಇನ್ನಾದರೂ ನಂಬ್ತೀಯಾ?"

ಹೌದು ಭಾವ, ನೋಡಿದೆ ಎಂದೆ.

ಅಡುಗೆಮನೆಗೆ ಹೋಗಿ ಮಾಮಿಯ ಹತ್ತಿರ ಕೇಳಿದೆ. ಹೀಗೆ ಬಾಯಿ ಆಡಿಸಿ, ಕಣ್ಣು ನೆಟ್ಟು, ಕರೆದರೂ ಕೇಳದೆ ಕೂರುವುದನ್ನು ಮೊದಲು ಕಂಡದ್ದು ಉಂಟಾ ಎಂದು.

"ಅದಾ? ಅದು ಯೋಚನೆ ಮಾಡುವುದು," ಎಂದರು ಮಾಮಿ, ಒಲೆಯಿಂದ ಬಾಣಲೆ ಇಳಿಸುತ್ತಾ. "ಊಟಕ್ಕೆ ಕೂತಲ್ಲೇ ಕೆಲವೊಮ್ಮೆ ಹಾಗೆ ಆಗ್ತದೆ. ಪಾಪ, ಹೆಂಡತಿಯ ನೆನಪು."

"ಅಕ್ಕ ಹೋದ ಮೇಲೆ ಶುರುವಾದದ್ದಾ?"

ಮಾಮಿ ಯೋಚಿಸಿದರು. ಬಾಣಲೆ ಕೈಯಲ್ಲೇ ಇತ್ತು. "ಇಲ್ಲ," ಎಂದರು ಮೆಲ್ಲಗೆ. "ಅವಳು ಇರುವಾಗಲೂ ಒಂದೆರಡು ಸಲ ಆದದ್ದು ಉಂಟು. ನಾವು ತಮಾಷೆ ಮಾಡಿ ನಗುತ್ತಿದ್ದೆವು."

ನಾನು ಗೋಡೆಗೆ ಒರಗಿ ನಿಂತೆ. ಆ ಒಕ್ಕಲಿನ ದಿನದ ತಿರುವು ಕಣ್ಣೆದುರಿಗೆ ಬಂತು. ಬ್ರೇಕೂ ಅಲ್ಲ, ಹೆಂಡವೂ ಅಲ್ಲ, ದೈವದ ಕಾಸೂ ಅಲ್ಲ. ಜೂನಿನಲ್ಲಿ ಈ ಮನುಷ್ಯನ ಹಿಂದೆ ಒಂದು ವ್ಯಾನ್ ತುಂಬ ಮಕ್ಕಳನ್ನು ಕೂರಿಸಲು ನಾನೇ ಹೊರಟಿದ್ದೆ. ಫ್ಯಾನ್ ತೊಳೆಸಿ, ಪೇಸ್ಟ್ ಹಚ್ಚಿಸಿ, ಯಂತ್ರವನ್ನು ಒಂದು ಚೂರೂ ತಡವರಿಸದ ಹಾಗೆ ಮಾಡದೆ ಹೋಗಿದ್ದರೆ ನಾವು ಇನ್ನೂ ಅದನ್ನೇ ಬಯ್ಯುತ್ತಾ ಇರುತ್ತಿದ್ದೆವು. ಮಾಮಿಯ ಎದುರಿಗೆ ಅಳಬಾರದೆಂದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದೆ.

ಭಾವನಿಗೆ ಅವತ್ತು ಹೇಳಲಿಲ್ಲ. ಭುಜದ ನೋವು ತೋರಿಸುವ ನೆಪ ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿ, ನರರೋಗದ ಡಾಕ್ಟರ ಕೋಣೆಯ ಎದುರು ಕೂರಿಸಿದೆ. ಬಾಗಿಲ ಮೇಲಿನ ಬೋರ್ಡು ಓದಿ ಅವರು ನನ್ನ ಮುಖ ನೋಡಿದರು. ಡಾಕ್ಟರು, ವಯಸ್ಸಾದ ಹೆಂಗಸು, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಟದ ವಿಷಯ ಹೇಳುವಾಗ ನನಗೇ ನಾಚಿಕೆಯಾಯಿತು. ಅವರು ನಗಲಿಲ್ಲ. ಬಾಯಿ ಹೇಗೆ ಆಡಿತು, ಯಾವ ಕೈ ಗುಂಡಿ ಹಿಡಿಯಿತು ಎಂದು ಬಿಡಿಸಿ ಬಿಡಿಸಿ ಕೇಳಿದರು. ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಪರೀಕ್ಷೆ ಆಯಿತು. ಸ್ಕ್ಯಾನ್ ಆಯಿತು. ಇನ್ನೊಂದು ದಿನ ಬರಲು ಹೇಳಿದರು. ಹೋದೆವು.

"ಇದು ಫಿಟ್ಸಿನಲ್ಲಿ ಒಂದು ರೀತಿ," ಎಂದರು ಡಾಕ್ಟರು ಭಾವನಿಗೆ. "ಬೀಳುವುದು, ನೊರೆ ಬರುವುದು ಇದರಲ್ಲಿ ಇರಬೇಕೆಂದಿಲ್ಲ. ಸ್ವಲ್ಪ ಹೊತ್ತು ನಿಮಗೆ ಎಚ್ಚರ ಇರುವುದಿಲ್ಲ. ಎಚ್ಚರ ಇರಲಿಲ್ಲ ಅಂತ ನಿಮಗೆ ಗೊತ್ತೂ ಆಗುವುದಿಲ್ಲ. ಮಾತ್ರೆ ಉಂಟು, ತಪ್ಪಿಸಬಾರದು. ಗಾಡಿ ಓಡಿಸಬೇಡಿ. ಸ್ಕೂಟರೂ ಬೇಡ. ಬಾವಿಯ ಹತ್ತಿರ, ಸಮುದ್ರಕ್ಕೆ, ಒಬ್ಬರೇ ಹೋಗಬೇಡಿ."

"ಕಾರ್ಕಳದ ಹತ್ತಿರ ಆದದ್ದು?" ಎಂದು ಕೇಳಿದರು ಭಾವ.

"ಅವತ್ತು ಏನಾಯಿತು ಅಂತ ನಾನು ಹೇಳಲಿಕ್ಕೆ ಆಗುವುದಿಲ್ಲ," ಎಂದು ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಮಡಚಿಟ್ಟರು. "ಹಾಗೆಯೂ ಆಗಿರಬಹುದು."

ಔಷಧಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆವು. ಉಡುಪಿಯ ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಭಾವ ಹತ್ತಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತರು. ಕಾಲೇಜಿನ ಹುಡುಗಿಯರು ನಗುತ್ತಾ ನಮ್ಮ ಎದುರಿನಿಂದ ಹಾದು ಹೋದರು. ನಾನು ಮನಸ್ಸಿನಲ್ಲೇ ಸಮಾಧಾನದ ಮಾತು ಜೋಡಿಸುತ್ತಿದ್ದೆ. ನೀವು ಕುಡಿದಿರಲಿಲ್ಲ ಭಾವ, ಇನ್ನು ಊರಿಗೂ ಗೊತ್ತಾಗುತ್ತದೆ, ಅಮ್ಮನಿಗೂ ಹೇಳುತ್ತೇನೆ, ನಿಮ್ಮ ತಪ್ಪು ಏನೂ ಇಲ್ಲ ಎಂದು. ಅದೆಲ್ಲ ನಿಜವೇ ಆಗಿತ್ತು.

"ಮೊನ್ನೆ ಆಟ ಆಡುವಾಗ," ಎಂದರು ಭಾವ, "ಲಾರಿ ಬೀಳುವ ಮೊದಲು ನೀನು ನನ್ನನ್ನು ಕರೆದಿಯಾ?"

"ಕರೆದೆ."

"ಜೋರಾಗಿ?"

"ಕೂಗಿದೆ ಭಾವ. ಹೆಗಲು ಹಿಡಿದು ಅಲುಗಿಸಿದೆ."

"ನನಗೆ ಎಂತದೂ ಕೇಳಲಿಲ್ಲ," ಎಂದರು. ಔಷಧಿಯ ಕವರನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತರು. ಆಮೇಲೆ ಹೇಳಿದರು, "ಅವಳು ನನ್ನ ಪಕ್ಕದಲ್ಲೇ ಇದ್ದಳು. ಮಾರಾಯ್ರೇ, ಮಾರಾಯ್ರೇ ಅಂತ ಅವಳೂ ಕರೆದಿರಬೇಕು, ಅಲ್ವಾ?"

ಅಕ್ಕನ ದನಿ ನನ್ನದಕ್ಕಿಂತ ದೊಡ್ಡದು. ಖಂಡಿತ ಕರೆದಿರುತ್ತಾಳೆ. ಮರ ಹತ್ತಿರವಾಗುವುದನ್ನು ನೋಡುತ್ತಾ, ಅವರ ಹೆಗಲು ಹಿಡಿದು ಅಲುಗಿಸುತ್ತಾ, ತೆರೆದ ಕಣ್ಣಿನ ಗಂಡ ಯಾಕೆ ತನ್ನ ಮಾತು ಕೇಳುತ್ತಿಲ್ಲ ಎಂದು ಗೊತ್ತಾಗದೆ ಕರೆದಿರುತ್ತಾಳೆ. ಇಲ್ಲ ಭಾವ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಸುಳ್ಳು ಹೇಳಲು ಆಗಲಿಲ್ಲ.

"ಹೌದು," ಎಂದೆ.